ವಿಸ್ಯಾಟ್ ಲಿಂಕ್ ಮೇಜಿನ ಮೇಲೆ: ವೈಓಎಸ್, ಪಿಎಫ್‌ಸೆನ್ಸ್, ಬರೀ ಟಿಸಿ

ನಿಧಾನಗತಿಯ ಉಪಗ್ರಹ ಇಂಟರ್ನೆಟ್ಟನ್ನು ಮೇಜಿನ ಮೇಲೇ ನಕಲು ಮಾಡಲು ಮೂರು ದಾರಿ ನೋಡಿದೆ: ರೂಟರ್ ಆಗಿ ಕೆಲಸ ಮಾಡುವ ವೈಓಎಸ್ ಮತ್ತು ಪಿಎಫ್‌ಸೆನ್ಸ್ ಎಂಬ ಎರಡು ತಂತ್ರಾಂಶ, ಇಲ್ಲವೇ ಲಿನಕ್ಸಿನ ಬರೀ ಟಿಸಿ ಆಜ್ಞೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ವೈಓಎಸ್‌ಗೆ.

ನಮ್ಮ ಬಿಲ್ಲಿಂಗ್ ಆಪ್ ಬೆಂಗಳೂರಿನ ಫೈಬರ್‌ನಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ವಿಸ್ಯಾಟ್ (ಡಿಶ್ ಇಟ್ಟು ಉಪಗ್ರಹದಿಂದ ಪಡೆಯುವ ಇಂಟರ್ನೆಟ್) ಇರುವ ಕಾಫಿ ಎಸ್ಟೇಟಿನಲ್ಲಿ ಮಾತ್ರ ಲಾಗಿನ್ ಪುಟದಲ್ಲೇ ಕೂತುಬಿಡುತ್ತಿತ್ತು. ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಮೇಲೆ. ಅಲ್ಲಿನ ಪಿಂಗ್, ಅಂದರೆ ಸಂದೇಶ ಹೋಗಿ ಬರುವ ಸಮಯ, 600 ಮಿಲಿಸೆಕೆಂಡ್, ವೇಗ 2 ಎಂಬಿಪಿಎಸ್. ಪ್ರತಿ ಸಲ ಘಾಟಿ ಹತ್ತಲು ಆಗುತ್ತದಾ? ಆ ಲಿಂಕನ್ನೇ ಮೇಜಿನ ಮೇಲೆ ತರೋಣ ಎಂದು ಹೊರಟೆ.

ಮೊದಲು ಲ್ಯಾಪ್‌ಟಾಪಿನಲ್ಲೇ ಲಿನಕ್ಸಿನ ಟಿಸಿ ಆಜ್ಞೆ, ಅದರಲ್ಲಿ ಕೆಟ್ಟ ನೆಟ್‌ವರ್ಕನ್ನು ನಕಲು ಮಾಡುವ ನೆಟೆಮ್. ಕಾಸು ಖರ್ಚಿಲ್ಲ. ಆದರೆ ಅದು ಹೊರಹೋಗುವ ಪ್ಯಾಕೆಟ್‌ಗಳನ್ನಷ್ಟೇ (ಡೇಟಾದ ತುಣುಕುಗಳು) ನಿಧಾನ ಮಾಡುತ್ತದೆ. ಅಪ್‌ಲೋಡ್ ಆಮೆ, ಡೌನ್‌ಲೋಡ್ ಮೊಲ.

ಅದಕ್ಕಿಂತ ತಲೆ ತಿಂದಿದ್ದು ಕ್ಯೂ, ಅಂದರೆ ಸರದಿಗಾಗಿ ಕಾಯುವ ಪ್ಯಾಕೆಟ್‌ಗಳ ಸಾಲು. ಸುಮ್ನೆ ಇದ್ದಾಗ ಪಿಂಗ್ ಹೇಳಿದಷ್ಟೇ ಬರುತ್ತಿತ್ತು. ಒಂದು ಫೈಲ್ ಅಪ್‌ಲೋಡ್‌ಗೆ ಹಾಕಿದೆ: 900, 2000, 4000, ಕೊನೆಗೆ 6000 ದಾಟಿತು. ಆಪ್‌ನದೇ ತಪ್ಪು ಎಂದುಕೊಂಡು ಎರಡು ಸಂಜೆ ಕೋಡ್ ಕೆದಕಿದೆ.

ಆಮೇಲೆ ಪೆನ್ನು ಹಿಡಿದು ಲೆಕ್ಕ ಹಾಕಿದೆ. ನಾವೇನೂ ಹೇಳದಿದ್ದರೆ ನೆಟೆಮ್ ಕ್ಯೂನಲ್ಲಿ 1000 ಪ್ಯಾಕೆಟ್ ಹಿಡಿಯುತ್ತದೆ. ಒಂದೊಂದು 1500 ಬೈಟ್ ಅಂದರೆ ಒಟ್ಟು 12 ಮೆಗಾಬಿಟ್. 2 ಎಂಬಿಪಿಎಸ್‌ನಲ್ಲಿ ಅದು ಖಾಲಿಯಾಗಲು 6 ಸೆಕೆಂಡ್! ನಾನು ಅಳೆಯುತ್ತಿದ್ದದ್ದು ಉಪಗ್ರಹವನ್ನಲ್ಲ, ಕ್ಯೂವನ್ನು. ಒಂದು ಕಡೆಯ 300 ಮಿಲಿಸೆಕೆಂಡಿನಲ್ಲಿ ದಾರಿಯಲ್ಲೇ ಇರುವುದು 50 ಪ್ಯಾಕೆಟ್. ಮಿತಿಯನ್ನು 100ಕ್ಕೆ ಇಳಿಸಿದೆ, ಪಿಂಗ್ ಹದಕ್ಕೆ ಬಂತು.

ಆದರೂ ಡೌನ್‌ಲೋಡ್ ಮೊಲವಾಗಿಯೇ ಉಳಿಯಿತು. ಎರಡೂ ದಿಕ್ಕನ್ನು ನಿಧಾನ ಮಾಡಲು ನಡುವೆ ಒಂದು ಪೆಟ್ಟಿಗೆ ಬೇಕು. ಆಗಲೇ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಂತೆ ಎಸ್‌ಪಿ ರೋಡಿಗೆ ಹೋಗಿ ಎರಡು ಲ್ಯಾನ್ ಪೋರ್ಟಿನ ಹಳೇ ಮಿನಿ ಪಿಸಿ ತಂದಿದ್ದು.

ಅದರಲ್ಲಿ ಮೊದಲು ಪಿಎಫ್‌ಸೆನ್ಸ್. ಒಳಗಿರುವುದು ಡಮ್ಮಿನೆಟ್, 1997ರಲ್ಲಿ ಲುಯಿಜಿ ರಿಜ್ಜೊ ಇಂಥ ಪರೀಕ್ಷೆಗೆಂದೇ ಪರಿಚಯಿಸಿದ್ದು. ಕೆಲಸದಲ್ಲಿ ಕುಂದಿಲ್ಲ. ಆದರೆ ಪ್ರತಿ ಸಲ ಬ್ರೌಸರಿನಲ್ಲಿ ನಾಲ್ಕು ಪುಟ ಕ್ಲಿಕ್ಕಿಸುವುದು ನನಗೆ ಬೇಜಾರು. ಪ್ಯಾಕೆಟ್ ನಷ್ಟದ ಖಾನೆಗೆ 0ಯಿಂದ 1ರವರೆಗಿನ ಅಂಕಿ ಬೇಕು. ಶೇಕಡಾ 1 ಎಂದುಕೊಂಡು 1 ಒತ್ತಿದೆ, ಎಲ್ಲವೂ ಬಂದ್. 0.01 ಹಾಕಬೇಕಿತ್ತು.

ವೈಓಎಸ್ ಒಳಗೂ ಅದೇ ನೆಟೆಮ್, ಆದರೆ ಸೆಟಿಂಗ್ ಎಲ್ಲ ಓದಬಹುದಾದ ಸಾಲುಗಳು. 'ಎಸ್ಟೇಟ್', 'ಮಳೆಗಾಲ' ಎಂದು ಎರಡು ಪಾಲಿಸಿ (ಸೆಟಿಂಗ್‌ಗಳ ಕಟ್ಟು) ಬರೆದಿಟ್ಟಿದ್ದೇನೆ. ಬೇಕಾದದ್ದನ್ನು ಎರಡೂ ಪೋರ್ಟಿಗೆ ಹಚ್ಚಿ, ಜಾರಿಗೆ ತರುವ ಕಮಿಟ್ ಆಜ್ಞೆ ಕೊಟ್ಟರೆ ಆಯ್ತು. ಒಂದೊಂದು ಕಡೆಗೆ 300 ಮಿಲಿಸೆಕೆಂಡ್, ಒಟ್ಟು 600. (ಎರಡೂ ಕಡೆ 600 ಹಾಕಿ ಒಮ್ಮೆ ಮೋಸಹೋಗಿದ್ದೇನೆ.) ಎಲ್ಲವನ್ನೂ ಗಿಟ್‌ನಲ್ಲಿ (ಪ್ರತಿ ಬದಲಾವಣೆಯನ್ನೂ ದಾಖಲಿಸುವ ಸಾಧನ) ಇಡುವವನಿಗೆ ಇದಕ್ಕಿಂತ ಬೇರೇನು ಬೇಕು? ದೀರ್ಘಕಾಲ ಬೆಂಬಲ ಸಿಗುವ ಎಲ್‌ಟಿಎಸ್ ಆವೃತ್ತಿಯ ಇಮೇಜಿಗೆ (ಇನ್‌ಸ್ಟಾಲ್ ಫೈಲ್) ದುಡ್ಡು ಕೊಡಬೇಕು. ನನ್ನ ಮೇಜಿಗೆ ಪುಕ್ಕಟೆಯ, ಸದಾ ಬದಲಾಗುತ್ತಿರುವ ರೋಲಿಂಗ್ ಆವೃತ್ತಿಯೇ ಸಾಕಾಯಿತು. ಮೌಸ್ ಇಷ್ಟಪಡುವವರು ಪಿಎಫ್‌ಸೆನ್ಸ್‌ನಲ್ಲೇ ಇರಿ, ನನ್ನ ತಕರಾರಿಲ್ಲ.

ಅಂದಹಾಗೆ, ಲಾಗಿನ್ ಆಗಲು ನಮ್ಮ ಆಪ್ ಸರ್ವರನ್ನು ಒಂದರ ಹಿಂದೊಂದು 14 ಸಲ ಕೇಳುತ್ತಿತ್ತು. 600 ಮಿಲಿಸೆಕೆಂಡಿನಂತೆ ಎಂಟು ಸೆಕೆಂಡಿಗೂ ಜಾಸ್ತಿ. ಈಗ ಮೂರೇ ಸಲ.