ಬೊಜ್ಜಿಗೆ ಸೂಜಿಮದ್ದೋ, ಆಪರೇಷನ್ನೋ?

ದಾವಣಗೆರೆ ಮಂಡಿಪೇಟೆಯಲ್ಲಿ ದಿನವಿಡೀ ಗಲ್ಲಾ ಮೇಲೆ ಕೂರುವವರು ಬೊಜ್ಜು ಇಳಿಸುವ ಸೂಜಿಮದ್ದು, ಆಪರೇಷನ್‌ಗಳ ಬೆಲೆ ವಿಚಾರಿಸುವ ಮುಂಚೆ ಹೊಟ್ಟೆಯ ಸುತ್ತಳತೆಗೆ ಟೇಪು ಹಿಡಿಯಿರಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಟ್ಟನಡುವೆ, ಉಸಿರು ಬಿಟ್ಟಾಗ ಅಳೆಯಬೇಕು. ಪ್ಯಾಂಟ್ ಬೆಲ್ಟಿನ ಜಾಗದಲ್ಲಿ ಅಳೆದರೆ ಹೊಟ್ಟೆ ಕಡಿಮೆ ಕಾಣುತ್ತದೆ. ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಚೆನ್ನಾಗಿದ್ದರೂ ಸಕ್ಕರೆ, ಬಿಪಿ ನೋಡಿಸಿ.

ತೂಕ ಇಳಿಸುವ ಮದ್ದು ಸೆಮಗ್ಲುಟೈಡ್ ವಾರಕ್ಕೊಂದು ಸೂಜಿ. 2.4 ಮಿ.ಗ್ರಾಂ. ಡೋಸಿನ ದೊಡ್ಡ ಪ್ರಯೋಗದಲ್ಲಿ 68 ವಾರಕ್ಕೆ ತೂಕ ಸರಾಸರಿ ಶೇ 15ರಷ್ಟು ಇಳಿಯಿತು. ನಿಲ್ಲಿಸಿದ ವರ್ಷದೊಳಗೆ ಇಳಿದದ್ದರಲ್ಲಿ ಮೂರನೇ ಎರಡು ಪಾಲು ವಾಪಸ್ ಬಂತು. ಹಾಗಾಗಿ ತಿಂಗಳ ಬೆಲೆಯನ್ನು 60ರಿಂದ ಗುಣಿಸಿ, ಐದು ವರ್ಷದ ಖರ್ಚು ನೋಡಿ. 0.25 ಮಿ.ಗ್ರಾಂ.ನಿಂದ ಶುರುಮಾಡಿ ನಿಧಾನಕ್ಕೆ ಏರಿಸದಿದ್ದರೆ ವಾಂತಿ ಜಾಸ್ತಿ.

ಸ್ಲೀವ್ ಆಪರೇಷನ್‌ನಲ್ಲಿ ಜಠರದ ಸುಮಾರು ಶೇ 80 ಭಾಗ ತೆಗೆಯುತ್ತಾರೆ. ದುಡ್ಡು ಒಂದೇ ಸಲ ದೊಡ್ಡದಾಗಿ ಹೋಗುತ್ತದೆ, ಇಳಿಕೆ ಹೆಚ್ಚು ಕಾಲ ನಿಲ್ಲುತ್ತದೆ. ಹೊಲಿಗೆ ಸೋರುವುದು ಅಪರೂಪ, ಆದರೆ ಅಪಾಯಕಾರಿ. ಎದೆಯುರಿ ಮೊದಲೇ ಇದ್ದವರಿಗೆ ಹೆಚ್ಚಬಹುದು. ಬಿ12, ಕಬ್ಬಿಣದ ಮಾತ್ರೆ ಜೀವನಪೂರ್ತಿ. ಆಮೇಲೆ ಇಡೀ ಬೆಣ್ಣೆ ದೋಸೆ ಒಂದೇ ಸಲಕ್ಕೆ ಹಿಡಿಸದು.

ತೀರಾ ಹೆಚ್ಚು ತೂಕ, ಜೊತೆಗೆ ಸಕ್ಕರೆ ಕಾಯಿಲೆಯೂ ಇದ್ದರೆ ನಮ್ಮ ಒಲವು ಆಪರೇಷನ್ ಕಡೆಗೆ. ಯಾವುದನ್ನೇ ಆರಿಸಿದರೂ ಕಿಲೋ ಜೊತೆಗೆ ಎಚ್‌ಬಿಎ1ಸಿ (ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ), ಮಂಡಿನೋವು, ನಿದ್ದೆಯ ಗೊರಕೆ, ಇನ್ನು ಬೇಡವೆಂದು ನಿಂತ ಮಾತ್ರೆಗಳನ್ನೂ ಆರು ತಿಂಗಳಿಗೊಮ್ಮೆ ಬರೆದಿಡಿ.