ಚಳಿನಾಡಿನ ತಾಳೆ ಮಾರಿದ ನರ್ಸರಿ: ಎರಡು ವರ್ಷದ ಬಳಿಕ ಒಂದು ವಿಮರ್ಶೆ

ಸರ್ಜಾಪುರ ರಸ್ತೆಯ ಬದಿಯ ನರ್ಸರಿಯೊಂದರಿಂದ 1,800 ರೂಪಾಯಿಗೆ ತಂದ ವಿಂಡ್‌ಮಿಲ್ ಪಾಮ್, ಅಂದರೆ ಟ್ರಾಕಿಕಾರ್ಪಸ್ ಫಾರ್ಚುನೈ, ಈಗ ನಮ್ಮ ಅಂಗಳದಲ್ಲಿ ಸೊಂಟದೆತ್ತರಕ್ಕೆ ಬಂದಿದೆ. ಚೀನಾ ಮೂಲದ ಈ ಗಿಡ ಮೈನಸ್ 10 ಡಿಗ್ರಿ ಸೆಲ್ಸಿಯಸ್ ಚಳಿಯನ್ನೂ ತಾಳಿಕೊಳ್ಳುವುದರಿಂದಲೇ ಇಂಗ್ಲೆಂಡಿನ ತೋಟಗಳಲ್ಲಿ ಬಯಲಿನಲ್ಲೇ ಬೆಳೆಯುತ್ತದೆ. "ಎಂಥ ಚಳಿಗೂ ಜಗ್ಗಲ್ಲ ಸಾರ್" ಎಂದು ಅಂಗಡಿಯವರು ಭರವಸೆ ಕೊಟ್ಟಾಗ ನನಗೆ ನಗು ಬಂತು. 1884ರ ಜನವರಿಯಲ್ಲಿ 7.8 ಡಿಗ್ರಿಗೆ ಇಳಿದದ್ದೇ ದಾಖಲೆಯಾಗಿರುವ ಬೆಂಗಳೂರಿನಲ್ಲಿ ಕೇಳಬೇಕಾದದ್ದು ಏಪ್ರಿಲ್ ಬಿಸಿಲಿನ ಬಗ್ಗೆ ಮತ್ತು ಬುಡದಲ್ಲಿ ನಿಲ್ಲುವ ನೀರಿನ ಬಗ್ಗೆ.

ಗಿಡವೇನೋ ಅಸಲಿ. ಬೀಸಣಿಗೆಯಂಥ ಎಲೆ, ತೊಟ್ಟಿನ ಅಂಚಿಗೆ ಸಣ್ಣ ಹಲ್ಲು, ಕಾಂಡಕ್ಕೆ ಸುತ್ತಿಕೊಂಡ ಕಂದು ನಾರು, ಎಲ್ಲವೂ ಸರಿಯಾಗಿಯೇ ಇದ್ದವು. ಆದರೆ ಕುಂಡದಲ್ಲಿ ತುಂಬಿದ್ದು ಬರೀ ಜೇಡಿಮಣ್ಣು. ಮೊದಲ ಮಳೆಗಾಲದಲ್ಲಿ ಸುಳಿ ಬಾಡಿತು. ಮೆಲ್ಲಗೆ ಎಳೆದರೆ ಕೊಳೆತ ವಾಸನೆಯೊಂದಿಗೆ ಕೈಗೇ ಕಿತ್ತು ಬಂತು. ಫೋನ್ ಮಾಡಿದಾಗ ನರ್ಸರಿಯವರು "ನೀರು ಜಾಸ್ತಿ ಹಾಕಿದ್ದೀರಿ" ಎಂದು ತಪ್ಪನ್ನು ನನ್ನ ತಲೆಗೇ ಕಟ್ಟಿದರು. ಕೊನೆಗೆ, ತೆಂಗಿನ ಸುಳಿಕೊಳೆಗೆ ನಮ್ಮ ಊರಲ್ಲಿ ಮಾಡುವಂತೆ, ಕೊಳೆತದ್ದನ್ನು ಕೆತ್ತಿ ಮೈಲುತುತ್ತ ಮತ್ತು ಸುಣ್ಣ ಕಲಸಿದ ಬೋರ್ಡೋ ಮುಲಾಮು ಹಚ್ಚಿ, ದಪ್ಪ ಮರಳು ಬೆರೆಸಿದ ಎತ್ತರದ ಮಡಿಗೆ ಗಿಡವನ್ನು ಬದಲಾಯಿಸಿದೆ. ಮೂರು ತಿಂಗಳಿಗೆ ಹೊಸ ಸುಳಿ ಮೂಡಿತು.

ಗಿಡದ ಆಯ್ಕೆಗೆ ಐದರಲ್ಲಿ ನಾಲ್ಕು ಅಂಕ, ಮಾರಿದ ಮೇಲಿನ ಸೇವೆಗೆ ಒಂದೇ. ಅಲ್ಲಿಂದ ತರುವವರು ಅದೇ ವಾರ ಮಣ್ಣು ಬದಲಿಸಲಿ.