ಹನ್ನೆರಡು ತಂತಿಯ ಗಿಟಾರ್, ರಾಯಚೂರಿನಲ್ಲಿ ನಾಲ್ಕು ಬೇಸಿಗೆ

ಮೊದಲೇ ಹೇಳಿಬಿಡುತ್ತೇನೆ, ಕಂಪನಿಯ ಹೆಸರು ಬರೆಯುವುದಿಲ್ಲ. ಇಲ್ಲಿರುವ ತಕರಾರುಗಳಲ್ಲಿ ಮುಕ್ಕಾಲು ಪಾಲು ಯಾವ ಹನ್ನೆರಡು ತಂತಿಯ ಗಿಟಾರ್ ಕೊಂಡರೂ ಬರುವಂಥವೇ. ನನ್ನದು ದೊಡ್ಡ ಮೈಯ ಡ್ರೆಡ್‌ನಾಟ್. 16 ಸಾವಿರ ಚಿಲ್ಲರೆ ಕೊಟ್ಟು ಆನ್‌ಲೈನ್‌ನಲ್ಲಿ ತರಿಸಿದ್ದು. ನುಡಿಸಿ ನೋಡಿ ಕೊಳ್ಳೋಣ ಎಂದು ಊರಲ್ಲಿ ಸುತ್ತಿದೆ, ನಾನು ಹೋದ ಅಂಗಡಿಗಳಲ್ಲಿ ಆರು ತಂತಿಯದು ಮಾತ್ರ ಇತ್ತು.

ಬಂದ ದಿನ ಶ್ರುತಿ ಮಾಡುವಷ್ಟರಲ್ಲೇ ಸಂಜೆಯಾಯಿತು. ದೊಡ್ಡಪ್ಪ ಏಕತಾರಿ ಹಿಡಿದು ತತ್ವಪದ ಹಾಡುವವರು. ಕಟ್ಟೆಯ ಮೇಲೆ ಕುಳಿತು ಎಲ್ಲ ನೋಡುತ್ತಿದ್ದರು. "ನಮಗ ಒಂದೇ ತಂತಿ ಸಾಕಾಗ್ಯದ. ನಿನಗ ಹನ್ನೆರಡಿದ್ರೂ ಸಾಲವಲ್ದೇನು?" ಎಂದರು.

ಹನ್ನೆರಡು ಅಂದರೆ ಹನ್ನೆರಡು ಬೇರೆ ಸ್ವರಗಳಲ್ಲ, ಆರು ಜೋಡಿ. ಗೊತ್ತಿರುವ ಕಾರ್ಡ್‌ಗಳೇ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಸಾಕು, ಹೊಸದಾಗಿ ಕಲಿಯುವುದೇನಿಲ್ಲ. ಜೋಡಿಗಳಿಗೆ ಅವುಗಳ ಸ್ವರದ್ದೇ ಹೆಸರು, ದಪ್ಪದಿಂದ ತೆಳುವಿಗೆ ಇ, ಎ, ಡಿ, ಜಿ, ಬಿ, ಇ. ಬಿ ಮತ್ತು ತೆಳು ಇ, ಈ ಎರಡು ಜೋಡಿಗಳಲ್ಲಿ ಎರಡೂ ತಂತಿ ಒಂದೇ ಸ್ವರ. ಉಳಿದ ನಾಲ್ಕು ಜೋಡಿಗಳಲ್ಲಿ ದಪ್ಪ ತಂತಿಯ ಪಕ್ಕದ ತೆಳು ತಂತಿ ಒಂದು ಸ್ಥಾಯಿ ಮೇಲಿರುತ್ತದೆ. ತಂಬೂರಿಯ ನಡುವಿನ ಎರಡು ತಂತಿಗಳು ಒಂದೇ ಷಡ್ಜಕ್ಕೆ ಇರುತ್ತವಲ್ಲ, ಕೂದಲೆಳೆಯಷ್ಟು ಆಚೀಚೆ ಆದರೆ ನಾದ ಅಲೆ ಅಲೆಯಾಗುತ್ತದೆ. ಈ ಗಿಟಾರ್‌ನ ಮಿನುಗೂ ಅದೇ. ಒಬ್ಬನೇ ನುಡಿಸಿದರೂ ಇಬ್ಬರು ನುಡಿಸಿದಂತೆ ಕೇಳುತ್ತದೆ. ಅಲೆ ಜಾಸ್ತಿಯಾಯಿತೋ, ಗಾಳಿ ಸೋರುವ ಹಾರ್ಮೋನಿಯಂ.

ಶ್ರುತಿ ಮಾಡುವಾಗ ಗಿಟಾರ್ ತಲೆಗೆ ಸಿಕ್ಕಿಸಿ ಸ್ವರ ನೋಡುವ ಕ್ಲಿಪ್ ಟ್ಯೂನರ್ ಎರಡು ತಂತಿ ಒಟ್ಟಿಗೆ ಕೇಳಿ ಗಲಿಬಿಲಿಯಾಗುತ್ತದೆ. ಜೋಡಿಯಲ್ಲಿ ಒಂದನ್ನು ಬೆರಳಿನಿಂದ ಮುಚ್ಚಿ ಇನ್ನೊಂದನ್ನು ಸರಿ ಮಾಡಬೇಕು. ನನಗೆ ಈಗ ಹತ್ತು ನಿಮಿಷ ಸಾಕು. ಫ್ಯಾನ್ ಕೆಳಗಿಂದ ಅಂಗಳಕ್ಕೆ ತಂದರೆ ಮತ್ತೆ ಮೊದಲಿನಿಂದ.

ಇನ್ನು ಕಡಿಯುವ ತಂತಿಯ ಕತೆ. ಮೊದಲ ವರ್ಷವೇ ಆರು ಕಡಿದವು, ಆರೂ ಒಂದೇ ಜಾಗದವು. ಜಿ ಜೋಡಿಯ ತೆಳು ತಂತಿ. ಗಿಟಾರ್‌ನಲ್ಲಿ ಅತಿ ಎತ್ತರದ ಸ್ವರ ಕೊನೆಯ ಇ ತಂತಿಯದು ಅಂದುಕೊಂಡಿದ್ದೆ. ಇದರಲ್ಲಿ ಹಾಗಲ್ಲ. ಇ ಸುಮಾರು 330 ಹರ್ಟ್ಸ್, ನಡುವೆ ಅಡಗಿರುವ ಈ ಜಿ 392. ದಪ್ಪನೆಯದು ಹಾಕಿದರೆ ತಡೆದೀತು ಎಂದು ಹಾಕಿ ನೋಡಿದೆ. ಅದೇ ಸ್ವರಕ್ಕೆ ತರಲು ದಪ್ಪ ತಂತಿಯನ್ನು ಇನ್ನೂ ಬಿಗಿಯಬೇಕು, ಅದೂ ಕಡಿಯಿತು. ಈಗ ಎಲೆಕ್ಟ್ರಿಕ್ ಗಿಟಾರ್‌ನ 9ರ (ಇಂಚಿನ ಸಾವಿರದಲ್ಲಿ ಒಂಬತ್ತು ಪಾಲು ದಪ್ಪದ) ಬಿಡಿ ತಂತಿಗಳನ್ನು ತರಿಸಿ ಇಟ್ಟುಕೊಂಡಿದ್ದೇನೆ. ಒಂದು ತಂತಿಗಾಗಿ ಇಡೀ ಸೆಟ್ ಯಾಕೆ ದಂಡ, ಅಲ್ವಾ?

ನಿಜವಾದ ಔಷಧಿ ಎರಡನೇ ವರ್ಷ ಸಿಕ್ಕಿತು. ಇಡೀ ಗಿಟಾರ್ ಅನ್ನು ಎರಡು ಮನೆ ಕೆಳಗೆ ಇಳಿಸಿ ಕಟ್ಟುವುದು, ಅಂದರೆ ಇ ಇರುವಲ್ಲಿ ಡಿ. ಮಾಮೂಲಿ ಶ್ರುತಿ ಬೇಕಾದಾಗ ಎರಡನೇ ಫ್ರೆಟ್‌ಗೆ, ಅಂದರೆ ಎರಡನೇ ಮನೆಗೆ, ಕ್ಯಾಪೋ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್). ಮಾಮೂಲಿ ಶ್ರುತಿಯಲ್ಲಿ ಆರು ತಂತಿಯ ಗಿಟಾರ್‌ಗಿಂತ ಇದರ ಮೇಲೆ ತಂತಿಗಳ ಎಳೆತ ಸುಮಾರು ಒಂದೂವರೆ ಪಟ್ಟು. ಅದರ ಜೊತೆಗೆ ನಮ್ಮ ಮೇ ತಿಂಗಳು, 40 ಡಿಗ್ರಿ ದಾಟಿದ ಒಣ ಬಿಸಿಲು. ಮೊದಲ ಬೇಸಿಗೆಯಲ್ಲಿ ತಗಡಿನ ಕೋಣೆಯಲ್ಲಿಟ್ಟು ತಪ್ಪು ಮಾಡಿದೆ. ಕುತ್ತಿಗೆ ಮುಂದಕ್ಕೆ ಬಾಗಿ, ತಂತಿ ಮೇಲೆದ್ದು, ಒತ್ತಿದರೆ ಬೆರಳು ಉರಿಯುತ್ತಿತ್ತು. ತಂತಿ ಸಡಿಲಿಸಿ, ಕುತ್ತಿಗೆಯೊಳಗಿನ ಕಬ್ಬಿಣದ ಸರಳಾದ ಟ್ರಸ್ ರಾಡನ್ನು ಅಲೆನ್ ಕೀಲಿಯಿಂದ ಬಲಕ್ಕೆ ಕಾಲು ಸುತ್ತು ತಿರುಗಿಸಿದ ಮೇಲೆ ಸರಿಯಾಯಿತು. ಒಂದೇ ಸಲಕ್ಕೆ ಜಾಸ್ತಿ ತಿರುಗಿಸಬೇಡಿ. ಇಳಿಸಿ ಕಟ್ಟಿದ ಮೇಲೆ ಮತ್ತೆ ಬಾಗಿಲ್ಲ, ಜಿ ತಂತಿ ವರ್ಷಕ್ಕೊಂದು ಹೋದರೆ ಹೆಚ್ಚು.

ನುಡಿಸುವ ವಿಷಯಕ್ಕೆ ಬಂದರೆ, ಬೆರಳ ತುದಿಯನ್ನು ಎರಡೂ ತಂತಿಯ ನಡುವೆ ಇಡಿ. ಒಂದರ ಮೇಲಷ್ಟೇ ಕೂತರೆ ಇನ್ನೊಂದು ಗುರುಗುಡುತ್ತದೆ. ಮೀಟಲು ಮೆದು ಪಿಕ್ ಒಳ್ಳೆಯದು. ನನ್ನದರಲ್ಲಿ ಕೆಳಮುಖವಾಗಿ ಮೀಟಿದಾಗ ಮೊದಲು ತೆಳು ತಂತಿ ಸಿಗುತ್ತದೆ, ಹಾಗಾಗಿ ಮಿನುಗು ಮುಂದೆ, ಗುಂಗು ಹಿಂದೆ. ರಿಕನ್‌ಬ್ಯಾಕರ್ ಕಂಪನಿಯವರ ಹನ್ನೆರಡು ತಂತಿಯಲ್ಲಿ ಈ ಕ್ರಮ ತಿರುವುಮುರುವು. ಕೆಲವು ತಂತಿಗಳನ್ನು ಒತ್ತದೆ ಬಿಡುವ ಓಪನ್ ಕಾರ್ಡ್‌ಗಳಿಗೆ ಇದು ರಾಜ. ಒಂದೇ ಬೆರಳನ್ನು ಎಲ್ಲ ತಂತಿಗಳ ಮೇಲೂ ಅಡ್ಡ ಒತ್ತುವ ಬಾರೆ ಕಾರ್ಡ್ ಹಿಡಿದು ಒಂದು ಹಾಡು ಮುಗಿಸಿದರೆ ಮಣಿಕಟ್ಟು ಹಿಡಿದುಕೊಳ್ಳುತ್ತದೆ. ತಂತಿ ಎಳೆದು ಸ್ವರ ಜಾರಿಸುವ ಆಸೆಯಂತೂ ಬಿಟ್ಟುಬಿಡಿ. ಜೋಡಿಯ ಎರಡು ತಂತಿಗಳೂ ಸಮನಾಗಿ ಜಾರುವುದಿಲ್ಲ.

ಮೊದಲ ಗಿಟಾರ್ ಆಗಿ ಇದು ಬೇಡ. ಆರು ತಂತಿಯದು ಮನೆಯಲ್ಲಿದ್ದರೆ, ಶ್ರುತಿ ಮಾಡುವ ತಾಳ್ಮೆ ಇದ್ದರೆ, ತಗೊಳ್ಳಿ. ಐದಕ್ಕೆ ನಾಲ್ಕು ಕೊಡುತ್ತೇನೆ. ಆ ಒಂದು ಅಂಕ ಜಿ ತಂತಿ ತಿಂದದ್ದು.

ದೊಡ್ಡಪ್ಪನ ಶ್ರುತಿ ಬಿಳಿ ಎರಡು, ಅಂದರೆ ಡಿ. ಇಳಿಸಿ ಕಟ್ಟಿದ ಮೇಲೆ ನನ್ನ ಅತಿ ದಪ್ಪ ಜೋಡಿ, ಅತಿ ತೆಳು ಜೋಡಿ ಎರಡೂ ಅದೇ ಸ್ವರ. ಈಗ ಶ್ರಾವಣದ ಭಜನೆಗೆ ಅವರೇ ಕರೆಯುತ್ತಾರೆ. ಆ ನಾಲ್ಕು ತಂತಿ ಮೀಟುತ್ತಾ ಹಿಂದೆ ಕೂರುತ್ತೇನೆ. ಉಳಿದ ಎಂಟಕ್ಕೆ ಕೈ ಹೋದರೆ ತಿರುಗಿ ನೋಡುತ್ತಾರೆ.